ಕೂಗುಗುಡ್ಡಕ್ಕೆ ಆ ಹೆಸರು ಬಂದ ಬಗೆ

ಅಂಕೋಲೆಯ ಕಡಲಂಚಿನಲ್ಲಿರುವ ಕೂಗುಗುಡ್ಡಕ್ಕೆ ಈಗ ಅರ್ಧದವರೆಗೂ ಡಾಂಬರು ರಸ್ತೆಯಿದೆ. ಮೇಲೆ ಮೊಬೈಲ್ ಟವರ್, ಎಳನೀರಿನ ಅಂಗಡಿ, ಫೋಟೊ ತೆಗೆಸಿಕೊಳ್ಳುವವರ ಗದ್ದಲ. ಬಂಡೆಗಳ ಸಂದಿನಲ್ಲಿ ಗಾಳಿ ಕೂಗುವುದರಿಂದ ಈ ಹೆಸರೆಂದು ಯಾರೋ ಪುಣ್ಯಾತ್ಮರು ಫಲಕ ಬೇರೆ ನೆಡಿಸಿದ್ದಾರೆ. ಗಾಳಿ ಯಾವ ಗುಡ್ಡದಲ್ಲಿ ಕೂಗುವುದಿಲ್ಲ? ಕೆಳಗಿನ ತೊರೆಗದ್ದೆ ಊರಿನ ಹಾಲಕ್ಕಿ ಒಕ್ಕಲಿಗರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಹಿಂದೆ ಒಮ್ಮೆ, ಪರಂಗಿಯವರ ಆಳ್ವಿಕೆಯಲ್ಲಿ, ಕಡಲಿನ ಆಳ ಅಳೆಯುವ ಹಡಗೊಂದು ಇಲ್ಲಿ ಲಂಗರು ಹಾಕಿತ್ತಂತೆ. ಅದರ ಅಧಿಕಾರಿ ಹಾರ್‌ಗ್ರೀವ್ ದೊರೆಗೆ ಅಳತೆಗಿಂತ ಬೇಟೆಯ ಹುಚ್ಚೇ ಹೆಚ್ಚು. ಹೋದ ಹೋದ ಬಂದರಿನಲ್ಲಿ ಇಳಿದು, ಕಾಡು ಹೊಕ್ಕು, ಕೊಂದದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಇಲ್ಲಿ ಅವನಿಗೆ ಜಾಡು ತೋರಿಸಲು ಹೊರಟವನು ಹಮ್ಮು ಗೌಡ. ಜೊತೆಗೆ ಊರಗೌಡ ಬುದ್ದು ಮತ್ತು ಹತ್ತು ಮಂದಿ. ಬೇಟೆಗೆ ಹತ್ತುವಾಗ ಗುಡ್ಡದ ಬುಡದ ಹಾಸುಬಂಡೆಯ ಮೇಲೆ ತಲೆಗೊಂದು ಕಲ್ಲಿಡುವುದು, ಇಳಿದವನು ತನ್ನ ಕಲ್ಲನ್ನು ತಾನೇ ಎತ್ತುವುದು ಆ ಊರಿನ ಕಟ್ಟಳೆ. ಒಂದು ಕಲ್ಲು ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ, ತಿರುಗಿ ಹತ್ತಿ ಹುಡುಕಬೇಕು. ದೊರೆಯೂ ನಗುತ್ತ ಒಂದು ಕಲ್ಲಿಟ್ಟ.

ಮಧ್ಯಾಹ್ನ ದೊರೆಯ ಗುಂಡಿಗೆ ಕಾಡುಕೋಣವೊಂದು ಬಿತ್ತು. ಬೆದರಿದ ಇನ್ನೊಂದು ಕೋಣ ಹಮ್ಮುವನ್ನು ತಿವಿದು ಕೊರಕಲಿಗೆ ಕೆಡವಿದ್ದನ್ನು ಯಾರೂ ಕಾಣಲಿಲ್ಲ. ಸಂಜೆ ಕೋಣದ ತಲೆ ಹೊತ್ತು ಇಳಿದಾಗ ಬಂಡೆಯ ಮೇಲೆ ಒಂದು ಕಲ್ಲು ಉಳಿಯಿತು. "ಹಮ್ಮು ಬರ್ಲಿಲ್ಲ ದೊರೆಗಳೇ. ಅಂವ ಬರೂ ತನಕ ನಾವು ಕದಲೂದಿಲ್ಲ" ಎಂದು ಬುದ್ದು ಹೊರೆ ಇಳಿಸಿಬಿಟ್ಟ. ಮತ್ತೆ ಹತ್ತುವ ಮುನ್ನ ನೀರು ಕುಡಿಯಲೆಂದು ಎಲ್ಲರೂ ಹಳ್ಳಕ್ಕೆ ಹೋದರು. ಕಡಲಿಳಿತದ ಹೊತ್ತು ಮೀರಿದರೆ ಹಡಗು ಹೊರಡದು, ಇವರು ಬಿಟ್ಟರೆ ಕೋಣದ ತಲೆ ಹೊರುವವರಿಲ್ಲ. ದೊರೆ ಆ ಕಲ್ಲನ್ನು ಮೆಲ್ಲಗೆ ಜೇಬಿಗಿಳಿಸಿ, ಅವರು ಬಂದಾಗ, ಹಮ್ಮು ಕಲ್ಲೆತ್ತಿಕೊಂಡು ಹೋದನೆಂಬಂತೆ ಊರಿನತ್ತ ಕೈ ತೋರಿಸಿದನಂತೆ. ಕಲ್ಲಿನ ವಿಷಯದಲ್ಲಿ ಸುಳ್ಳಾಡುವವನೂ ಇರಬಹುದೆಂದು ಆ ಜನಕ್ಕೆ ಹೊಳೆಯಲೇ ಇಲ್ಲ. ತಲೆಯನ್ನು ದೋಣಿಗೆ ಮುಟ್ಟಿಸಿ ಮನೆಗಳಿಗೆ ಹೋದರು. ಹಮ್ಮುವಿನ ಹೆಂಡತಿ ಸಣ್ಣಿ ಬಾಗಿಲಲ್ಲಿ ನಿಂತು ಕೇಳಿದರೆ, "ಕಲ್ಲು ಎತ್ತಿದಾನೆ ತಂಗಿ, ಬರ್ತಾನೆ" ಎಂದರು.

ದೋಣಿಯಲ್ಲಿ ದೊರೆ ಜೇಬಿನಿಂದ ಕಲ್ಲು ತೆಗೆದು ಕಡಲಿಗೆಸೆದದ್ದನ್ನು ಕಂಡಿದ್ದ ಅಂಬಿಗ ಬೆಳಗ್ಗೆ ಬಂದು ಹೇಳಿದಾಗ ಊರೇ ಓಡಿತು. ಹಮ್ಮು ತನ್ನ ಪಂಚೆ ಹರಿದು ತೊಡೆಗೆ ಬಿಗಿದುಕೊಂಡು, ಬಂಡೆಗೆ ಕೂಗಳತೆಯವರೆಗೂ ತೆವಳಿ ಬಂದಿದ್ದ. ಉಸಿರು ನಿಂತಿತ್ತು, ಮೈ ಇನ್ನೂ ಬಿಸಿಯಾಗಿತ್ತು ಎನ್ನುತ್ತಾರೆ. ಸಣ್ಣಿ ಅಳಲಿಲ್ಲವಂತೆ. "ಗೌಡ್ರೇ, ನೀವು ಕಲ್ಲ ನೋಡಿದ್ರಿ. ಒಂದ್ಸಲ ಹೆಸ್ರ ಹಿಡ್ದು ಕೂಗಿದ್ರೆ ಸಾಕಾಗಿತ್ತಲ್ಲ, ಇವ್ರು ಓಗೊಡ್ತಿದ್ರು" ಎಂದಳು. ಈ ಮಾತು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ದೊರೆಯ ಮೇಲಷ್ಟೇ ಅಲ್ಲ, ನಮ್ಮವರ ಮೇಲೂ.

ಅಂದಿನಿಂದ ಕಲ್ಲಿಡುವುದು ನಿಂತಿತು. ಇಂದಿಗೂ ಸೌದೆಗೋ ಜೇನಿಗೋ ಹೋದವರು ಬುಡಕ್ಕಿಳಿದು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ನೋಡಲು ಬಂದವರು ಮೋಜೆಂದು ವಿಡಿಯೊ ಮಾಡಿಕೊಳ್ಳುತ್ತಾರೆ. ಎಲ್ಲರೂ ಓಗೊಟ್ಟ ಮೇಲೆ ಕೊನೆಯದಾಗಿ ಹಮ್ಮುವಿನ ಹೆಸರು ಕೂಗುತ್ತಾರೆ. ಗಾಯಗೊಂಡವನೊಬ್ಬ ಉಸಿರು ಕೂಡಿಸಿಕೊಂಡು ಓಗೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಮನೆಗೆ ಹೋಗುತ್ತಾರೆ.