ಮೂರು ಸಲ ಬಂದ ಕರೆ

"ಅಜ್ಜಾರ, ಸರಿ ದಾರಿ ಹಿಡದಾಂವಗ ಮನಿಯಾಗ ಯಾಕ ನೆಮ್ಮದಿ ಸಿಗಂಗಿಲ್ರೀ?" ಎಂದು ಮುರಿಗೆಪ್ಪ ಕೇಳಿದ.

ಮಠದ ಅಜ್ಜನವರು ಅವನ ಮುಖ ನೋಡಿದರು. "ಯಾವ ದಾರಿ ಹಿಡದೀಪಾ?"

ಮುರಿಗೆಪ್ಪ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಸೋಮವಾರಕ್ಕೊಮ್ಮೆ ಮಠಕ್ಕೆ ಬರುತ್ತಿದ್ದ. ಅವನು ಜೇಬಿನಿಂದ ಫೋನು ತೆಗೆದು ಅಜ್ಜನವರ ಮುಂದಿಟ್ಟ. ಕಂಪನಿ ಹಾಕಿಕೊಟ್ಟಿದ್ದ ಆಪರೇಟಿಂಗ್ ಸಿಸ್ಟಮನ್ನು ಅಳಿಸಿ, ಅದರ ಜಾಗದಲ್ಲಿ ಓಪನ್ ಸೋರ್ಸ್ ಸಿಸ್ಟಮ್ ಹಾಕಿಕೊಂಡು ಆರು ತಿಂಗಳಾಗಿತ್ತು. ಹತ್ತು ಕಡೆಯ ಜನ ಸೇರಿ ಅದನ್ನು ಪುಕ್ಕಟೆ ಬರೆದಿದ್ದಾರೆ, ಯಾರು ಬೇಕಾದರೂ ತೆರೆದು ಓದಬಹುದು, ನಾನು ಎಲ್ಲಿ ಹೋದೆ, ಏನು ಕೊಂಡೆ ಎಂದು ಅದು ಯಾರಿಗೂ ಚಾಡಿ ಹೇಳುವುದಿಲ್ಲ ಎಂದ. ಇದರಲ್ಲಿ ನಡೆಯದ ಬ್ಯಾಂಕಿನ ಕೆಲಸವೆಲ್ಲ ಈಗ ಹೆಂಡತಿಯ ಫೋನಿನಲ್ಲಿ ಎಂದೂ ಮಾತಿನ ನಡುವೆ ಹೇಳಿದ. ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು. ಆಮೇಲೆ ದನಿ ಇಳಿಯಿತು. ಮನೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದ್ದಳು. ಒಳ್ಳೆಯ ಕೆಲಸ ಮಾಡಿದವನು ತಾನು, ಮುಖ ಊದಿಸಿಕೊಂಡವಳು ಅವಳು. ಇದು ಯಾವ ನ್ಯಾಯ ಎಂಬುದೇ ಅವನ ಸಂಕಟ.

ಅಜ್ಜನವರು ಫೋನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಹಿಂದಿನ ಮುಚ್ಚಳ ತೆರೆಯಲು ಬಾರದ ಗಡಿಯಾರವನ್ನು ಅವನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಒಳಗೇನಿದೆ ಎಂದು ತೋರಿಸದ ವಸ್ತುವನ್ನು ನಂಬಬಾರದು ಎಂಬುದು ಅವನ ಮಾತು. ಅಂಥವನು ಒಂದು ದಿನ ತನ್ನ ಜೇಬಿನಲ್ಲಿದ್ದ ಫೋನಿನ ಬಗ್ಗೆ ಯೋಚಿಸಿದ. ಅದರೊಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಎರಡು ಭಾನುವಾರ ಕೂತು, ಹಳೆಯ ಸಿಸ್ಟಮ್ ತೆಗೆದು ನಿನ್ನ ಹಾಗೆಯೇ ಹೊಸದು ಹಾಕಿಕೊಂಡ.

ಅವನಿಗೆ ಸುಖವಾಯಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಸುಖವಾಯಿತು. ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಬಂತು. ಜಾಹೀರಾತು ನಿಂತಿತು. ಬೇಡದ ಕರೆಗಳನ್ನು ಅದೇ ತಡೆಯಿತು. ಫೋನು ಹೇಳಿದಂತೆ ಕೇಳಿತು.

ಆದರೆ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಈ ಫೋನನ್ನು ನಂಬಲಾಗದು ಎಂದು ಬರೆದು ಬಾಗಿಲು ಹಾಕಿಕೊಂಡಿತು. ಗ್ಯಾಸಿನದು ತೆರೆಯಲಿಲ್ಲ. ಗಡಿಯಾರದ ಬಿಡಿಭಾಗ ತರಿಸುವ ಅಂಗಡಿಯದು ತೆರೆದಂತೆ ಮಾಡಿ ಮುಚ್ಚಿತು. ಇದಕ್ಕೂ ಒಂದು ಉಪಾಯವಿತ್ತು, ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಅಂಗಡಿಗೆ ಪತ್ರ ಬರೆಯುವುದು. ಅದಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಅವನಿಗೆ ಅದಕ್ಕಿಂತ ಹತ್ತಿರದ ಉಪಾಯ ಕಂಡಿತು. "ನಿನ್ನ ಫೋನಿನ್ಯಾಗ ಹಾಕಿಬಿಡು" ಎಂದು ಹೆಂಡತಿಗೆ ಹೇಳಿದ.

ಹೆಂಡತಿ ಹಾಕಿಕೊಂಡಳು. ಅಲ್ಲಿಂದಾಚೆ ಯಾರು ನಂಬರ್ ಕೇಳಿದರೂ ಅವನು ಅವಳ ನಂಬರ್ ಕೊಟ್ಟ. ಬ್ಯಾಂಕಿಗೆ ಅವಳದು, ಗಾಡಿಯ ವಿಮೆಗೆ ಅವಳದು, ಬಟ್ಟೆ ಅಂಗಡಿಯ ಗಲ್ಲೆಯಲ್ಲಿ ಕೇಳಿದವನಿಗೂ ಅವಳದು. ಒಂದೇ ತಿಂಗಳಲ್ಲಿ ಅವಳ ಫೋನು ಸಂತೆಯಾಯಿತು. ಸಾಲ ಬೇಕೇ ಎಂದು ಕೇಳಿದರು, ಸೈಟು ಬೇಕೇ ಎಂದು ಕೇಳಿದರು. ಅವನ ತಲೆ ಬೋಳು. ಕೂದಲು ಬೆಳೆಸುವ ಎಣ್ಣೆಯವರು ಅವಳನ್ನು ಹಿಡಿದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಒಮ್ಮೆ ಬೇಸತ್ತು ಹೇಳಿದಳು. ಅವನು ತನ್ನ ಫೋನು ಎತ್ತಿ ತೋರಿಸಿ ನಕ್ಕ. "ನನಗ ಒಂದೂ ಬರಂಗಿಲ್ಲ ನೋಡು" ಎಂದ.

ಈ ಹೆಂಡತಿ ಕಸೂತಿ ಹಾಕುವವಳು. ಎಳೆ ಎಣಿಸಿ ಹೊಲಿಯುವ ಕೆಲಸ. ಹಿಂದಿನ ವರ್ಷ ಅವಳ ಬಲಗಣ್ಣಿಗೆ ಹುಣ್ಣಾಗಿ, ವಾಸಿಯಾದ ಮೇಲೆ ಬಿಳಿ ಕಲೆ ಉಳಿಯಿತು. ಆ ಕಣ್ಣು ಹೋಯಿತು. ಎಡಗಣ್ಣೂ ಮಸುಕಾಗತೊಡಗಿತ್ತು. ಕಣ್ಣಿನ ಆಸ್ಪತ್ರೆಯವರು ಅವಳ ಹೆಸರು ಪಟ್ಟಿಗೆ ಸೇರಿಸಿಕೊಂಡರು. ಸತ್ತವರು ದಾನ ಮಾಡಿದ ಕಣ್ಣು ಬಂದಾಗ ಪಾಳಿಯ ಪ್ರಕಾರ ಫೋನು ಮಾಡುತ್ತೇವೆ ಎಂದರು. ಆಸ್ಪತ್ರೆಗೆ ಹತ್ತು ಲೈನು, ಯಾವ ನಂಬರಿನಿಂದ ಕರೆ ಬರುತ್ತದೋ ಹೇಳಲಾಗದು. ಮೂರು ಸಲ ಮಾಡುತ್ತೇವೆ, ಎತ್ತದಿದ್ದರೆ ಪಾಳಿ ಮುಂದಿನವರಿಗೆ ಹೋಗುತ್ತದೆ, ನಿಮ್ಮ ಹೆಸರು ಪಟ್ಟಿಯ ಕೊನೆಗೆ ಇಳಿಯುತ್ತದೆ ಎಂದರು. ಆಮೇಲೆ ಇನ್ನೊಂದು ವರ್ಷವೋ ಎರಡು ವರ್ಷವೋ. ಎಡಗಣ್ಣು ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ಮೊದಲು ಅವಳು ಪ್ರತಿ ಕರೆಗೂ ಓಡಿಬಂದು ಎತ್ತುತ್ತಿದ್ದಳು. ಒಲೆಯ ಮೇಲೆ ಹಾಲಿದ್ದರೂ ಓಡುತ್ತಿದ್ದಳು. ಅತ್ತಲಿಂದ ಗಂಡನ ಹೆಸರು ಹಿಡಿದು ಯಾರೋ ಮಾತಾಡುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಮನುಷ್ಯರ ಕೈ ಸೋಲುತ್ತದೆ. ಅವಳ ಕೈ ಸೋಲುತ್ತಾ ಬಂತು.

ಒಂದು ಮಧ್ಯಾಹ್ನ ಅವಳು ಗಂಡನ ಅಂಗಡಿಗೆ ಬುತ್ತಿ ತಂದಳು. ಅವನು ಊಟ ಮಾಡಿ ಮತ್ತೆ ಕೆಲಸಕ್ಕೆ ಕೂತ. ಬಿಡಿಭಾಗ ತರಿಸಲು ಅವಳ ಫೋನು ಬೇಕಾಗಿತ್ತು, ಅದಕ್ಕೆ ಅವಳು ಸ್ಟೂಲಿನ ಮೇಲೆ ಕಾಯುತ್ತಿದ್ದಳು. ಅವನ ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಕೂದಲಿನಂಥ ಸ್ಪ್ರಿಂಗು.

ಫೋನು ಬಡಿದುಕೊಂಡಿತು.

ಅವಳು ನಂಬರ್ ನೋಡಿದಳು. ಗುರುತಿನದಲ್ಲ. "ಎತ್ತಲೇನ್ರಿ?" ಎಂದಳು. ಅವನು ತಲೆ ಎತ್ತಲಿಲ್ಲ. "ಕಟ್ ಮಾಡು. ಸಾಲ ಕೊಡಾಂವ ಇರತಾನ" ಎಂದ. ಅವಳು ಕಟ್ ಮಾಡಿದಳು.

ಮತ್ತೆ ಬಂತು. "ಅದ ನಂಬರ್ರೀ" ಎಂದಳು. ಅವಳ ದನಿಯಲ್ಲಿ ಏನೋ ಇತ್ತು. ಅವನು ಅದನ್ನು ಕೇಳಲಿಲ್ಲ, ಸ್ಪ್ರಿಂಗು ಜಾರುತ್ತಿತ್ತು. ಅವರು ಬೆನ್ನು ಬಿಡುವ ಜನ ಅಲ್ಲ, ಸುಮ್ಮನಿರು ಎಂದ.

ಮೂರನೆಯ ಸಲ ಬಂತು. ಅವಳು ಎತ್ತಲು ಕೈ ಹಾಕಿದಳು. ಅಷ್ಟರಲ್ಲಿ ಸ್ಪ್ರಿಂಗು ಚಿಮ್ಮಿ ನೆಲಕ್ಕೆ ಬಿತ್ತು. ಅವನಿಗೆ ರೇಗಿತು. ಅವಳ ಕೈಯಿಂದ ಫೋನು ಕಿತ್ತುಕೊಂಡು, ಸದ್ದು ಅಡಗಿಸಿ, ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದ. ಇಬ್ಬರೂ ನೆಲದ ಮೇಲೆ ಬಗ್ಗಿ ಸ್ಪ್ರಿಂಗು ಹುಡುಕಿದರು. ಅವಳು ಒಂದೇ ಕಣ್ಣಿನಲ್ಲಿ ಹುಡುಕಿದಳು, ಮತ್ತು ಅವಳಿಗೇ ಸಿಕ್ಕಿತು.

ಕೆಲಸ ಮುಗಿದ ಮೇಲೆ ಅವನು ಡ್ರಾಯರು ಎಳೆದ. ಫೋನಿನಲ್ಲಿ ಒಂದು ಸಂದೇಶವಿತ್ತು. ಕಣ್ಣು ಬಂದಿದೆ, ಮೂರು ಸಲ ಕರೆ ಮಾಡಿದೆವು, ಆದರೂ ಮಧ್ಯಾಹ್ನ ಎರಡು ಹೊಡೆಯುವುದರೊಳಗೆ ನೀವು ಆಸ್ಪತ್ರೆಯಲ್ಲಿದ್ದರೆ ಕಣ್ಣು ನಿಮ್ಮದು, ಇಲ್ಲವಾದರೆ ಮುಂದಿನವರನ್ನು ಒಳಗೆ ಕರೆಯುತ್ತೇವೆ ಎಂದಿತ್ತು.

ಅವನು ಗೋಡೆಯ ಕಡೆ ನೋಡಿದ. ರಿಪೇರಿಗೆ ಬಂದ ಮೂವತ್ತು ಗಡಿಯಾರ ಅಲ್ಲಿದ್ದವು, ಒಂದರ ಹೊತ್ತು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಫೋನಿನಲ್ಲಿ ಒಂದೂ ಮೂವತ್ತೈದು. ಆಸ್ಪತ್ರೆಗೆ ಅರ್ಧ ತಾಸಿನ ದಾರಿ. ಅವನು ಅಂಗಡಿಗೆ ಬೀಗ ಹಾಕಲಿಲ್ಲ. ಹೆಂಡತಿಯ ರಟ್ಟೆ ಹಿಡಿದು ರಸ್ತೆಗೆ ಬಂದ. ಮೊದಲ ಆಟೋ ನಿಲ್ಲಲಿಲ್ಲ. ಎರಡನೆಯದಕ್ಕೆ ಅಡ್ಡ ನಿಂತ.

ಆಟೋದಲ್ಲಿ ಅವನು ಆ ನಂಬರಿಗೆ ಕರೆ ಮಾಡಿದ. ಲೈನು ಸಿಗಲಿಲ್ಲ. ತನ್ನ ಫೋನಿನಿಂದ ಮಾಡಿದ, ಅವಳ ಫೋನಿನಿಂದ ಮಾಡಿದ. ನಡುವೆ ಅವಳ ಫೋನಿಗೆ ಒಂದು ಕರೆ ಬಂತು. ಅವನು ತಟ್ಟನೆ ಎತ್ತಿದ. ಅವನ ಹೆಸರು ಹೇಳಿ, ಸೈಟು ನೋಡಲು ಯಾವಾಗ ಬರುತ್ತೀರಿ ಎಂದು ಒಬ್ಬಳು ನಯವಾಗಿ ಕೇಳಿದಳು. ಮುಂದೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದಾದ ಮೇಲೊಂದು ಹೋಗುತ್ತಲೇ ಇದ್ದವು. ಅವನು ಕೆಳಗಿಳಿದು ನಿಂತ, ಮತ್ತೆ ಹತ್ತಿ ಕೂತ, ಮತ್ತೆ ಇಳಿದ. ಹೆಂಡತಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆ ಮುಟ್ಟಿದಾಗ ಎರಡು ಹೊಡೆದು ಹನ್ನೆರಡು ನಿಮಿಷವಾಗಿತ್ತು. ನರ್ಸು ಪಟ್ಟಿ ನೋಡಿದಳು. ಅವಳು ಕೆಟ್ಟವಳಲ್ಲ, ಅವಳಿಗೂ ಸಂಕಟವಾಯಿತು. ಮುಂದಿನವರು ಬಾಗಿಲಲ್ಲೇ ಕಾದಿದ್ದರು, ಒಳಗೆ ಹೋಗಿ ಹತ್ತು ನಿಮಿಷವಾಯಿತು ಎಂದಳು.

ಅವನು ಗೋಡೆಗೆ ಒರಗಿ ಕೂತ. ಹೆಂಡತಿ ಪಕ್ಕದಲ್ಲಿ ಕೂತಳು. ಒಳಗೆ ಹೋದವರಿಗೆ ಸಣ್ಣ ಮಕ್ಕಳಿದ್ದಾರೆಯೇ ಎಂದು ನರ್ಸನ್ನು ಕೇಳಿದಳು. ಇಬ್ಬರಿದ್ದಾರೆ ಎಂದಳು ನರ್ಸು. ಒಳ್ಳೆಯದಾಯಿತು ಎಂದಳು ಹೆಂಡತಿ. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಫೋನಿಗೆ ಬಂದಿದ್ರ ಮೊದಲನೇ ಸಲಾನ ಎತ್ತತಿದ್ರಿ" ಎಂದಳು.

ಅಜ್ಜನವರು ಕತೆ ನಿಲ್ಲಿಸಿದರು.

ಮುರಿಗೆಪ್ಪ ಮುಂದೆ ಸರಿದು ಕೂತ. "ಆಮ್ಯಾಲ ಅಂವ ಆ ಸಿಸ್ಟಮ್ ತಗದು ಒಗದನೇನ್ರೀ?"

"ಸಿಸ್ಟಮ್ ಚಲೋನ ಐತಿ, ಮುರಿಗೆಪ್ಪ, ನಿನ್ನ ಪಾಲಿನ ಸಂಕೋಲಿ ಈಗ ಯಾರ ಕಾಲಾಗೈತಿ?" ಎಂದರು ಅಜ್ಜನವರು.

ಮುರಿಗೆಪ್ಪ ಮುಂದಿದ್ದ ಫೋನು ಎತ್ತಿಕೊಂಡು, ಬ್ಯಾಂಕು ನಾಳೆ ಎಷ್ಟಕ್ಕೆ ತೆರೆಯುತ್ತದೆ ಎಂದು ಕೇಳಿದ.