ಗುಡ್ಡದವ್ವನ ಹರಿದ ಉಡಿ

ಸೊಡರಿಗೆ ಎಣ್ಣೆ ಎರೆದು, ಅಳುವ ಕೂಸಿನ ಬಾಯಿಗೆ ಬೆಲ್ಲವಿಟ್ಟು, ಅಕ್ಕಪಕ್ಕದವರ ಸುದ್ದಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಾರಹುಣ್ಣಿಮೆಯ ಮುಂಚಿನ ಶುಕ್ರವಾರ ಗುಡ್ಡದವ್ವನ ಕಥೆಯನ್ನು ಕೇಳಬೇಕು.

ಪೂರ್ವದಲ್ಲಿ ನೇರಿಲಪುರವೆಂಬ ಊರಿತ್ತು. ಊರ ಹಿಂದೆ ಗುಡ್ಡ, ಗುಡ್ಡದಿಂದ ಇಳಿದು ಬರುವ ಕುಮುದೆಯೆಂಬ ಹೊಳೆ. ಆ ಊರಿನ ಹೆಂಗಸರು ಮಳೆಗಾಲಕ್ಕೆ ಮೊದಲು ಗುಡ್ಡವನ್ನೇರಿ, ಬಸುರಿಗೆ ಉಡಿ ತುಂಬುವಂತೆ ಗುಡ್ಡಕ್ಕೂ ಉಡಿ ತುಂಬುತ್ತಿದ್ದರು. ಅಕ್ಕಿ ಕೊಬ್ಬರಿಯಿಂದಲ್ಲ; ನೀರು ಕೊರೆದ ಕೊರಕಲುಗಳಿಗೆ ಅಡ್ಡಲಾಗಿ ಕಲ್ಲು ಜೋಡಿಸಿ, ಅದರ ಹಿಂದೆ ಹೊಳೆಯಿಂದ ಹೊತ್ತು ತಂದ ಹೂಳು ಹಾಕಿ, ಹುಲ್ಲಿನ ಬೀಜ ಚೆಲ್ಲಿ, ಅರಿಶಿನ ಕುಂಕುಮವಿಟ್ಟು ಬರುತ್ತಿದ್ದರು.

ಆ ಊರನ್ನಾಳುವ ಮಲ್ಲರಸನಿಗೆ ಪದ್ಮಲೆಯೆಂಬ ರಾಣಿ. ರೂಪವಂತೆ, ಧನವಂತೆ, ತನಗೆ ತಿಳಿಯದ್ದು ಯಾವುದೂ ಇಲ್ಲವೆಂದು ತಿಳಿದವಳು. ಅತ್ತೆ ನಾಗಲಾದೇವಿ ಬುಟ್ಟಿ ಹಿಡಿದು ಗುಡ್ಡಕ್ಕೆ ಕರೆದರೆ, “ಏನತ್ತೆ, ಕಲ್ಲುಗುಡ್ಡಕ್ಕೆ ಯಾವ ಸೀಮಂತ? ಅದು ಹೆರುವುದೇನು, ಓತಿಕ್ಯಾತವನ್ನೇ?” ಎಂದು ದಾಸಿಯರೆದುರು ನಕ್ಕಳು. “ಹೆರುವುದು ನೀ ಕುಡಿಯುವ ನೀರನ್ನಮ್ಮಾ” ಎಂದು ಅತ್ತೆ ತಾನೊಬ್ಬಳೇ ಹೋದಳು.

ರಾಣಿಗೆ ಹೊಳೆಯ ಮೇಲೆ ಬಲು ಭಕ್ತಿ, ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಅರಮನೆಯ ಕಿಟಕಿಗೆ ತೋರುವಲ್ಲಿ ಸೋಪಾನ ಕಟ್ಟಿಸಬೇಕೆಂದು, ಹೆಂಗಸರು ತಲೆತಲಾಂತರದಿಂದ ಕೊರಕಲುಗಳಲ್ಲಿ ಜೋಡಿಸಿಟ್ಟ ಕಲ್ಲುಗಳನ್ನೇ ಬಂಡಿಗೆ ಹೇರಿಸಿ ತರಿಸಿದಳು. ಮಂಟಪದ ಕಂಬಕ್ಕೆಂದು ಗುಡ್ಡದ ಮರ ಕಡಿಸಿದಳು. ಹೊಸ ಸೋಪಾನದ ಮೇಲೆ ನಿಂತು ಹೊಳೆಗೆ ರೇಷ್ಮೆ ಸೀರೆ, ಬಳೆ, ತೆಂಗಿನಕಾಯಿಗಳ ಬಾಗಿನ ಬಿಟ್ಟಳು. ಹೆತ್ತವಳ ಸೀರೆ ಸೆಳೆದು ಮಗಳಿಗೆ ಉಡಿಸಿದಂತಾಯಿತು.

ಆ ವರ್ಷವೂ ಮಳೆ ಎಂದಿನಷ್ಟೇ ಬಂತು. ಆದರೆ ಹೊಳೆ ಕೆಂಪಗೆ ಉಕ್ಕಿ, ಸೋಪಾನದ ಮೇಲೆ ಕೆಸರು ಹೇರಿ, ಗದ್ದೆಗಳನ್ನು ಕೊಚ್ಚಿ, ಬಂದಷ್ಟೇ ಬೇಗ ಓಡಿಹೋಯಿತು. ದೀಪಾವಳಿಗೆ ಮಡುಗಳು ಬತ್ತಿದವು. ಯುಗಾದಿಗೆ ಬಾವಿಯ ತಳ ಕಂಡಿತು. ಅದೇ ಹೊತ್ತಿಗೆ ರಾಣಿಯ ಮಗಳು ಚಂದಲೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು.

ಅಂದಿನಿಂದ ರಾಣಿಗೆ ನಿದ್ದೆಯಿಲ್ಲ. ಬೆಳಗಾದರೆ ಬಾವಿಗೆ ಬಗ್ಗುವಳು, ಹಗ್ಗಕ್ಕೆ ಹಗ್ಗ ಗಂಟು ಹಾಕಿಸುವಳು, ಕೊಡ ತಳದ ಕಲ್ಲಿಗೆ ಬಡಿದ ಸದ್ದಿಗೆ ಎದೆ ಹಿಡಿದುಕೊಳ್ಳುವಳು. ಮಗಳ ಹೊಟ್ಟೆ ಏರುತ್ತಿತ್ತು, ಬಾವಿಯ ನೀರು ಇಳಿಯುತ್ತಿತ್ತು. ಸೂಲಗಿತ್ತಿ ಸಿರಿಯಕ್ಕ ಬಂದು ಬಾವಿ ನೋಡಿ, “ತಾಯಿ, ಬಾಣಂತಿಗೆ ಏನು ಎರೆಯಲಿ? ಕೂಸನ್ನು ಯಾವುದರಲ್ಲಿ ತೊಳೆಯಲಿ, ನಿಮ್ಮ ಸೋಪಾನದ ಧೂಳಿನಲ್ಲೇ?” ಎಂದಳು.

ಒಂದು ಶುಕ್ರವಾರ ನಡುಹಗಲಲ್ಲಿ ಒಬ್ಬ ಮುತ್ತೈದೆ ಬಾಗಿಲಿಗೆ ಬಂದು ಉಡಿ ತುಂಬೆಂದು ಸೆರಗೊಡ್ಡಿದಳು. ರಾಣಿ ಮೊರದ ತುಂಬ ಅಕ್ಕಿ ತಂದು ಸುರಿದರೆ ಅಕ್ಕಿಯೆಲ್ಲ ನೆಲಕ್ಕೆ ಬಿತ್ತು. ಮತ್ತೆ ಸುರಿದಳು, ಮತ್ತೆ ಬಿತ್ತು. ನೋಡಿದರೆ ಸೆರಗು ಮೇಲಿನಿಂದ ಕೆಳಗಿನವರೆಗೆ ಹರಿದಿತ್ತು. “ಹರಿದ ಉಡಿಗೆ ಎಷ್ಟು ಸುರಿದರೇನು ಮಗಳೇ? ನನ್ನ ಹೊಲಿಗೆ ಬಿಚ್ಚಿದವಳೂ ನೀನೇ, ನಿಲ್ಲಲಿಲ್ಲವೆಂದು ಅಳುವವಳೂ ನೀನೇ. ಎಲ್ಲಿಂದ ಹರಿದಿದೆಯೋ ಅಲ್ಲಿಂದ ಹೊಲಿ” ಎಂದು ಗುಡ್ಡದ ಕಡೆ ನಡೆದು ಮಾಯವಾದಳು.

ಬಂದವಳು ಗುಡ್ಡದವ್ವನೆಂದು ತಿಳಿದು ರಾಣಿ ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ, “ಕಾಲು ಆಮೇಲೆ ಹಿಡಿಯುವೆಯಂತೆ, ಮೊದಲು ಬುಟ್ಟಿ ಹಿಡಿ” ಎಂದಳು. ಸೋಪಾನ ಕೀಳಿಸಿ ಕಲ್ಲು ಹೊರಿಸಿದ್ದೇನೋ ಆಯಿತು. ಆದರೆ ಹೆರಿಗೆ ಹತ್ತಿರ ಬಂತೆಂಬ ಅವಸರಕ್ಕೆ ರಾಣಿ ಗುಡ್ಡದ ಬುಡದಲ್ಲೇ ಆನೆಯೆತ್ತರದ ಗೋಡೆ ಕಟ್ಟಿಸಿದಳು. ಬೇಸಿಗೆಯ ಒಂದು ಬಿರುಮಳೆಗೆ ಅದು ಉರುಳಿತು. ಆಗ ದೇವಿಯ ಮಾತು ತಿಳಿದು, ಗುಡ್ಡದ ನೆತ್ತಿಗೆ ಹೋಗಿ, ನೀರು ಇನ್ನೂ ಬೆರಳಗಲ ಹರಿಯುವಲ್ಲಿ ಮೊಣಕಾಲೆತ್ತರದ ಸಾಲಿಟ್ಟು, ಹೂಳು ಹಾಕಿ, ಬೀಜ ಚೆಲ್ಲಿ, ಸಾಲಿನಿಂದ ಸಾಲಿಗೆ ಕೆಳಗಿಳಿದಳು. ಊರ ಹೆಂಗಸರೂ ಬಂದು ಕೈಜೋಡಿಸಿದರು. ಅರಮನೆಯ ಅಂಗೈಯಲ್ಲಿ ಬೊಬ್ಬೆಗಳೆದ್ದವು.

ಕೊನೆಯ ಸಾಲು ಮುಗಿದ ದಿನವೇ ಮಗಳಿಗೆ ಬೇನೆ ಬಂತು, ಗುಡ್ಡಕ್ಕೆ ಮೋಡ ಬಂತು. ಮಳೆ ಗುಡ್ಡದ ಮೇಲಷ್ಟೇ ಹೊಯ್ದು ನಿಂತಿತು. ಊರಿನ ಅಂಗಳವೂ ನೆನೆಯಲಿಲ್ಲ. ರಾಣಿ ಹೊಳೆಗೆ ಓಡಿದರೆ ಹೊಳೆಯಲ್ಲಿ ಹನಿಯಿಲ್ಲ. “ಮೊದಲು ನೀರು ನಿಲ್ಲುತ್ತಿರಲಿಲ್ಲ, ಈಗ ಬರುವುದೂ ಇಲ್ಲ. ಒಳ್ಳೇ ವ್ರತ!” ಎಂದು ದಡದಲ್ಲಿದ್ದವರು ಗೊಣಗಿದರು. ಅತ್ತೆ ಮಾತ್ರ, “ತಡೆಯಮ್ಮಾ, ಗುಡ್ಡ ಕುಡಿಯುತ್ತಿದೆ. ಹಸಿದ ತಾಯಿ ಉಂಡ ಮೇಲಲ್ಲವೇ ಹಾಲೂಡುವುದು?” ಎಂದಳು. ರಾಣಿ ಬಾವಿಕಟ್ಟೆ ಹಿಡಿದು ಕುಳಿತಳು. ಒಳಗೆ ಮಗಳ ಕೂಗು ಏರಿದಂತೆಲ್ಲ ಕೊಡ ಇಳಿಬಿಡುವಳು, ಬರಿಗೊಡ ಎಳೆಯುವಳು. ಹಗಲೂ ರಾತ್ರಿಯೂ ಹೀಗೆ ಕಳೆದು, ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಾವಿಯ ಗೋಡೆ ಬೆವರಿ, ಸೆಲೆಯೊಡೆದು, ಇಳಿಬಿಟ್ಟ ಕೊಡ ಗುಳುಗುಳು ಮುಳುಗಿತು. ಹಂಡೆಯ ನೀರು ಕಾಯುವಷ್ಟರಲ್ಲಿ ಚಂದಲೆ ಹೆಣ್ಣುಕೂಸನ್ನು ಹೆತ್ತಳು. ಕುಮುದೆ ಹೊಳೆ ಆಮೇಲೆ ಅವಸರವಿಲ್ಲದೆ, ತಿಳಿಯಾಗಿ ಬಂತು, ಬೇಸಿಗೆಯಲ್ಲೂ ಹೋಗಲಿಲ್ಲ.

ರಾಣಿ ಮಾತ್ರ ಬದುಕಿರುವಷ್ಟು ಕಾಲ ಮೊದಲ ಮೋಡ ಕಂಡೊಡನೆ ಅಂಜಿ, ಯಾವ ಕಲ್ಲು ಜಾರಿದೆಯೋ ಎಂದು ಗುಡ್ಡವನ್ನೇರುತ್ತಿದ್ದಳು. ಆ ಅಂಜಿಕೆಯನ್ನು ಬಿಡದಿರುವುದೇ ಈ ವ್ರತದ ನೇಮ.

ಈ ಕಥೆಯನ್ನು ಹೇಳಿದವರ, ಕೇಳಿದವರ ಬಾವಿ ಬತ್ತದಿರಲಿ. ಅವರ ಮನೆಯ ಬಸುರಿಯರು ಸುಖವಾಗಿ ಹೆರಲಿ, ಬಾಣಂತಿಯರಿಗೆ ಬಿಸಿನೀರು ತಪ್ಪದಿರಲಿ. ಗುಡ್ಡ ಹತ್ತಲಾರದೆ ಕುಳಿತು ಕೇಳಿದವರಿಗೂ ಅದೇ ಫಲವುಂಟು. ನಾಳೆ ಕಲ್ಲು ಹೊರುವವರಿಗೆ ಅವರು ಬುತ್ತಿ ಕಟ್ಟಿಕೊಡಬೇಕು.