ಗಟ್ಟಿಗನಿಗೆ ಯಾಕೆ ಲಸಿಕೆ

“ಗುರುಗಳೇ, ನೆಗಡಿಯನ್ನೂ ಕಾಣದ ಹುಡುಗನಿಗೆ ಸೂಜಿ ಯಾಕೆ?” ಎಂದು ಶಿಷ್ಯನೊಬ್ಬ ಕೇಳಿದ. ಮರುದಿನ ಅವನ ಮಗನ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕುವವರಿದ್ದರು. ಮಗನನ್ನು ಮನೆಯಲ್ಲೇ ಉಳಿಸಿಕೊಳ್ಳುವ ಯೋಚನೆ ಅವನದು.

ಗುರುಗಳು ಆಕಳಿಸಿದರು. “ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಹಲ್ಲೇ ಸವೆದುಹೋಗಿದೆ. ಇರಲಿ, ಒಂದು ಕಥೆ ಕೇಳು. ಅದರಲ್ಲಿ ಸುಳ್ಳೂ ಇದೆ, ಸಾರಿಗೆ ಉಪ್ಪು ಹಾಕಿದಷ್ಟು.”

ಒಬ್ಬ ಪೈಲ್ವಾನನಿದ್ದ. ಅವನನ್ನು ಕಚ್ಚಿದ ಸೊಳ್ಳೆಯ ಸೊಂಡಿಲು ಮುರಿಯುತ್ತಿತ್ತಂತೆ. ಹಾಗಂತ ಅವನೇ ಹೇಳುತ್ತಿದ್ದ.

ಅವನ ಗರಡಿಯಲ್ಲಿ ಒಂದು ಕಟ್ಟಳೆ. ಕುಸ್ತಿಗೆ ಮುಂಚೆ ಹುಡುಗರೆಲ್ಲರ ತಲೆಯನ್ನು ಅವನೇ ಬೋಳಿಸುತ್ತಿದ್ದ, ಒಂದೇ ಕತ್ತಿಯಲ್ಲಿ. ಗಾಯವಾದರೆ ಮಣ್ಣು ಮೆತ್ತುತ್ತಿದ್ದ. ಒಂದೇ ಕತ್ತಿ ಮುಟ್ಟಿದವರು ಅಣ್ಣತಮ್ಮಂದಿರು ಎನ್ನುತ್ತಿದ್ದ.

ಒಮ್ಮೆ ಲಸಿಕೆ ಹಾಕುವ ನರ್ಸಮ್ಮ ಬಂದಳು. ಲಿವರಿನಲ್ಲಿ ಕೂರುವ ಕಾಯಿಲೆಯೊಂದಿದೆ, ರಕ್ತದಿಂದ ರಕ್ತಕ್ಕೆ ದಾಟುತ್ತದೆ, ಇಂಥ ಕತ್ತಿಯಿಂದಲೂ ದಾಟುತ್ತದೆ ಎಂದಳು. ಪೈಲ್ವಾನ ಬಡಕಲು ಹುಡುಗರನ್ನೆಲ್ಲ ಮುಂದೆ ತಳ್ಳಿದ. ತನ್ನ ಮೆಚ್ಚಿನ ಹುಡುಗನನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡ.

“ಇವನಿಗೂ ಹಾಕಬೇಕಲ್ಲ, ಯಜಮಾನರೇ?”

“ಇವನಿಗಾ? ಬಂಡೆಗೆ ಯಾರಾದರೂ ಛತ್ರಿ ಹಿಡೀತಾರಾ ತಾಯಿ! ನಿಮ್ಮ ಸೂಜಿಯೇ ಡೊಂಕಾದೀತು.”

ಗರಡಿಗೆ ಗರಡಿಯೇ ನಕ್ಕಿತು. ಉಳಿದ ಡೋಸಿಗೆ ಬಂದಾಗಲೂ ಅವಳು ಕೇಳಿದಳು. ಆಗಲೂ ಅದೇ ನಗು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಮೆಚ್ಚಿನ ಹುಡುಗ ಬೆಳೆದು ಊರೂರು ಗೆದ್ದ. ಮದುವೆಯಾದ. ಮಗಳು ಹುಟ್ಟಿದಳು. ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಕಾಯಿಲೆ ಎಳೆಯ ವಯಸ್ಸಿನಲ್ಲೇ ಒಳಗೆ ಬಂದು ಸದ್ದಿಲ್ಲದೆ ಕೂತಿತ್ತು, ಲಿವರ್ ಪೂರ್ತಿ ಕೆಟ್ಟಿದೆ ಎಂದರು ವೈದ್ಯರು.

“ಆ ಸೂಜಿ ಈಗ ಚುಚ್ಚಿ ಸ್ವಾಮಿ. ತೋಳು ನಾನೇ ಹಿಡಕೊಳ್ತೀನಿ” ಎಂದ ಪೈಲ್ವಾನ.

“ಅದು ಕಾಯಿಲೆ ಬರುವುದಕ್ಕೆ ಮುಂಚಿನದು ಯಜಮಾನರೇ” ಎಂದರು ವೈದ್ಯರು.

ಹಾಸಿಗೆಯಲ್ಲಿದ್ದವನು ಪೈಲ್ವಾನನ ಕೈ ಹಿಡಿದು, ಯಾವ ಪಟ್ಟಿಗೆ ಸೋತೆ ಎಂದು ಕೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದರು. ಶಿಷ್ಯ ಬಿಡಲಿಲ್ಲ. “ಹಾಗಾದರೆ ಸೂಜಿ ಚುಚ್ಚಿಸಿಕೊಂಡ ಆ ಬಡಕಲರು ಗಟ್ಟಿಯಾದರೋ?”

“ಎಲ್ಲಿಯ ಗಟ್ಟಿ! ಇಂದಿಗೂ ಬಡಕಲರೇ, ಆ ಮೆಚ್ಚಿನ ಹುಡುಗನ ಚಟ್ಟಕ್ಕೆ ಹೆಗಲು ಕೊಟ್ಟವರು ಅವರೇ.”